ಬಿಟ್ಟಿ: ಪದದ ಅರ್ಥವೂ ಕೂಲಿಯ ಬಾಕಿಯೂ

ಸಂಸ್ಕೃತ ‘ವಿಷ್ಟಿ’ಯ ತದ್ಭವವಾದ ‘ಬಿಟ್ಟಿ’ಗೆ ಕೂಲಿಯಿಲ್ಲದ ದುಡಿಮೆಯೆಂಬುದೇ ರೂಢಿಯ ಅರ್ಥ. ಕಾನೂನಿನ ಅರ್ಥ ಇದಕ್ಕಿಂತ ಹಿರಿದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ದೆಹಲಿಯ ಏಷ್ಯಾಡ್ ಕಾಮಗಾರಿಗಳ ಪ್ರಕರಣದಲ್ಲಿ (1982) ಸುಪ್ರೀಂ ಕೋರ್ಟು ನಿರ್ಣಯಿಸಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸರ್ಕಾರಿ ಕಾಮಗಾರಿಗಳಿಗೂ ಇದು ಅನ್ವಯಿಸುತ್ತದೆ. ಗುತ್ತಿಗೆದಾರನು ಬಟವಾಡೆ ಮಾಡದಿದ್ದಲ್ಲಿ ಕೆಲಸ ವಹಿಸಿದ ಇಲಾಖೆಯೇ ಕೂಲಿ ತೆತ್ತು ಅವನಿಂದ ವಸೂಲು ಮಾಡಿಕೊಳ್ಳತಕ್ಕದ್ದೆಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಟ್ಟಳೆಯಾಗಿತ್ತು. 2020ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಕನಿಷ್ಠ ವೇತನದ ಬಾಕಿಗೆ ಅರ್ಜಿ ಹಾಕಲು ಮೊದಲಿದ್ದ ಆರು ತಿಂಗಳ ಗಡುವು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಮೂರು ವರ್ಷವಾಗಿದೆ. ಕೂಲಿ ಸಂದಾಯವಾಗಿದೆಯೆಂದು ಸಾಧಿಸುವ ಹೊಣೆಯೂ ಮಾಲೀಕನದೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ, ಮೇಸ್ತ್ರಿಯ ಬಾಯಿಲೆಕ್ಕದಲ್ಲಷ್ಟೇ ಉಳಿದವನು ತಾನು ದುಡಿದುದನ್ನೇ ತೋರಿಸಿಕೊಡುವುದು ಕಷ್ಟ.