ಗೆಜ್ಜೆ ಕಟ್ಟಿದ ಕಾಲಿಗೆ ವಿಮೆಯ ಆಸರೆ ಎಷ್ಟು?

ಸೊಲ್ಲಾಪುರ: ಗಣೇಶೋತ್ಸವ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಡಾನ್ಸ್ ಕ್ಲಾಸುಗಳಲ್ಲಿ ರಾತ್ರಿ ಒಂಬತ್ತರ ತನಕ ಗೆಜ್ಜೆ ಸಪ್ಪಳ. ಕನ್ನಡ ಮನೆಗಳ ಮಕ್ಕಳೂ ಭರತನಾಟ್ಯ, ಕಥಕ್ ಕಲಿಯುತ್ತಿದ್ದಾರೆ, ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗೆ ಕೂಡುತ್ತಿದ್ದಾರೆ. ಫೀ, ಸೀರೆ, ಆಭರಣ, ಮೇಕಪ್ಪಿನ ಲೆಕ್ಕ ಪಾಲಕರ ಬಾಯಲ್ಲೇ ಇರುತ್ತದೆ. ಕಾಲು ಮುರಿದರೆ ಖರ್ಚು ಯಾರು ಕೊಡಬೇಕು ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ.

ನಮ್ಮ ಮನೆಯಲ್ಲೂ ಇರಲಿಲ್ಲ. ಅಕ್ಕನ ಮಗಳು ಹತ್ತನೇ ಇಯತ್ತೆ. ಮಳೆಗಾಲದ ತಾಲೀಮಿನಲ್ಲಿ ಒದ್ದೆ ಫರಸಿಯ ಮೇಲೆ ಜಾರಿ ಬಿದ್ದಳು. ಪಾದದ ಗಂಟಿನ ಎಲುಬು ಬಿರುಕು ಬಿಟ್ಟಿತ್ತು. ಎಕ್ಸ್‌ರೇ, ಸ್ಕ್ಯಾನಿಂಗ್, ಪ್ಲಾಸ್ಟರ್ ಆಗಿ ಸಂಜೆಗೆ ಮನೆಗೆ ಬಂದಳು. ಭಾವನ ಹತ್ತಿರ ಐದು ಲಕ್ಷದ ಫ್ಯಾಮಿಲಿ ಪಾಲಿಸಿ ಇತ್ತು. ಕ್ಲೇಮು ಹಾಕಿದರೆ ಕಂಪನಿಯಿಂದ ಎರಡು ಸಾಲಿನ ಉತ್ತರ: ದಾಖಲಾಗಿಲ್ಲ, ಹಣ ಬರುವುದಿಲ್ಲ. ಅಕ್ಕ ಒಂದೇ ಮಾತು ಅಂದಳು, "ಆರು ವರ್ಷ ರೊಕ್ಕ ತುಂಬಿದ್ದು ಯಾತಕ್ಕ?"

ಬಿಕಾಂ ಓದಿದವನು ಅಂತ ಕಾಗದದ ಕೆಲಸ ನನ್ನ ಹೆಗಲಿಗೆ ಬಿತ್ತು. ಪಾಲಿಸಿ ಪೂರಾ ಓದಿದ್ದು ಆಗಲೇ. ಕಂಪನಿ ಹೇಳಿದ್ದು ಕರಾರಿನ ಪ್ರಕಾರ ಸರಿಯೇ ಇತ್ತು. ನಾವು ಓದಿರಲಿಲ್ಲ, ಅಷ್ಟೇ.

ಬಿದ್ದ ನೋವು, ಸವೆದ ನೋವು

ಸಾಮಾನ್ಯ ಆರೋಗ್ಯ ವಿಮೆ ಕನಿಷ್ಠ 24 ತಾಸು ದವಾಖಾನೆಯಲ್ಲಿ ದಾಖಲಾದರೆ ಮಾತ್ರ ನಡೆಯುತ್ತದೆ. ಡೇ ಕೇರ್ ಪಟ್ಟಿಯ ಚಿಕಿತ್ಸೆಗಳಿಗಷ್ಟೇ ಇದರಿಂದ ವಿನಾಯಿತಿ. ನೃತ್ಯದ ಮಕ್ಕಳ ತೊಂದರೆಯಾದರೋ ಬೇರೆ ಥರದ್ದು. ಗಂಟೆಗಟ್ಟಲೆ ಅರಮಂಡಿ ಕೂತು ಮೊಣಕಾಲು ನೋವು, ಗಟ್ಟಿ ನೆಲದ ಮೇಲೆ ತತ್ಕಾರ ಹೊಡೆದು ಮುಂಗಾಲಿನ ಎಲುಬಿಗೆ ಸಣ್ಣ ಬಿರುಕು, ಹಿಮ್ಮಡಿಯ ನರ ಬಾವು. ಇವಕ್ಕೆ ಬೇಕಾದದ್ದು ವಿಶ್ರಾಂತಿ ಮತ್ತು ವಾರಗಟ್ಟಲೆ ಫಿಜಿಯೋಥೆರಪಿ. ಎಲ್ಲವೂ ಹೊರರೋಗಿ ಖರ್ಚು. ಒಪಿಡಿ ಸೌಲಭ್ಯ ಸೇರಿಸಿಕೊಳ್ಳದ ಪಾಲಿಸಿಯಲ್ಲಿ ಇದಕ್ಕೆ ಪೈಸೆ ಬರುವುದಿಲ್ಲ.

ಹಾಗಾದರೆ ಅಪಘಾತ ವಿಮೆ? ಅದರ ಕರಾರಿನಲ್ಲಿ ಅಪಘಾತ ಎಂದರೆ ಹಠಾತ್ತಾಗಿ, ಅನಿರೀಕ್ಷಿತವಾಗಿ, ಹೊರಗಿನ ಕಾರಣದಿಂದ ಆದದ್ದು. ಜಾರಿ ಬಿದ್ದರೆ ಅಪಘಾತ. ಮೂರು ವರ್ಷದ ತಾಲೀಮಿನಿಂದ ಸವೆದ ಮೊಣಕಾಲು ಅಪಘಾತವಲ್ಲ. ಪಾಲಕರು ತಿಳಿಯಬೇಕಾದ ಮುಖ್ಯ ಗೆರೆ ಇದೇ.

ಡಾನ್ಸ್ ಅಂದರೆ ಕಂಪನಿ ಕ್ಲೇಮು ಕೊಡೋದಿಲ್ಲ ಅನ್ನುವ ಭಯವೂ ಕೆಲವರಿಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿದ ಕರಾರಿನಲ್ಲಿ ಹೊರಗಿಟ್ಟಿರುವುದು ವೃತ್ತಿಪರರಾಗಿ ಅಪಾಯದ ಸಾಹಸ ಕ್ರೀಡೆಗಳಲ್ಲಿ ಭಾಗವಹಿಸುವುದನ್ನು. ಅಲ್ಲಿ ಹೆಸರಿಸಿರುವುದು ಪರ್ವತಾರೋಹಣ, ಮೋಟಾರು ರೇಸು, ಕುದುರೆ ರೇಸಿನಂಥವು. ನೃತ್ಯದ ಹೆಸರು ಅದರಲ್ಲಿಲ್ಲ. ಆದರೂ ದವಾಖಾನೆಯ ಕೇಸ್ ಪೇಪರಿನಲ್ಲಿ ನಡೆದದ್ದು ನಡೆದಂತೆ ಬರೆದಿರಲಿ: ವಿದ್ಯಾರ್ಥಿನಿ, ತಾಲೀಮು, ಜಾರಿ ಬಿದ್ದದ್ದು, ದಿನಾಂಕ, ವೇಳೆ. ಬರೀ "ಕಾಲುನೋವು" ಎಂದಿದ್ದರೆ ಮುಂದೆ ಜಗಳ. ಇನ್ನು ಕ್ಲೇಮಿಗಾಗಿಯೇ ಒಂದು ರಾತ್ರಿ ಮಲಗಿಸುವ ಉಪಾಯ ಬೇಡ. ಬರೀ ತಪಾಸಣೆಗೆ ದಾಖಲಾದರೆ ಅದನ್ನೂ ತಿರಸ್ಕರಿಸಲು ಕರಾರಿದೆ.

ಕೈಗೆಟಕುವ ಯೋಜನೆಗಳು

ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ 2024ರ ಜುಲೈನಿಂದ ಬಿಳಿ ಶಿಧಾಪತ್ರಿಕೆಯವರಿಗೂ ತೆರೆದಿದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ದವಾಖಾನೆಯಲ್ಲಿ ಮಾತ್ರ. ಜತ್ತದವರು ವಿಜಯಪುರಕ್ಕೆ, ಅಕ್ಕಲಕೋಟೆಯವರು ಕಲಬುರಗಿಗೆ ಹೋಗುವುದು ರೂಢಿ. ಹೋಗುವ ಮುಂಚೆ 155388ಕ್ಕೆ ಫೋನು ಮಾಡಿ ಆ ದವಾಖಾನೆ ಪಟ್ಟಿಯಲ್ಲಿದೆಯೋ ಕೇಳುವುದು ಮೇಲು. ಕೇಂದ್ರದ ಆಯುಷ್ಮಾನ್ ಕಾರ್ಡು ಇದ್ದವರಿಗೆ ಗಡಿಯ ತಕರಾರಿಲ್ಲ. ಯೋಜನೆಗೆ ಸೇರಿದ ದೇಶದ ಯಾವುದೇ ದವಾಖಾನೆಯಲ್ಲಿ ನಡೆಯುತ್ತದೆ, ವಿಚಾರಣೆಗೆ 14555.

ಒಂದರಿಂದ ಹನ್ನೆರಡನೇ ಇಯತ್ತೆ ಮಕ್ಕಳಿಗೆ ರಾಜ್ಯದ ರಾಜೀವ್ ಗಾಂಧಿ ವಿದ್ಯಾರ್ಥಿ ಅಪಘಾತ ಸಾನುಗ್ರಹ ಅನುದಾನ ಯೋಜನೆಯಿದೆ. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳ ಪಾಲಕರು ಮುಖ್ಯಾಧ್ಯಾಪಕರನ್ನು ಒಮ್ಮೆ ಕೇಳಿ ನೋಡಲಿ.

ಹದಿನೆಂಟು ತುಂಬಿದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಮುರಿದು ಕೂಡಿಕೊಂಡ ಎಲುಬಿಗೆ ಇದರಿಂದ ಏನೂ ಬರುವುದಿಲ್ಲ. ಇದ್ದರೆ ಒಳ್ಳೆಯದೇ, ಇದೊಂದನ್ನೇ ನಂಬಬಾರದು.

ಹೊಸದಾಗಿ ಪಾಲಿಸಿ ಮಾಡುವವರಿಗೆ 2020ರಲ್ಲಿ ಬಂದ "ಆರೋಗ್ಯ ಸಂಜೀವನಿ" ಎಂಬ ಪಾಲಿಸಿ ಇದೆ. ಯಾವ ಕಂಪನಿಯಲ್ಲಿ ಕೊಂಡರೂ ಕರಾರು ಒಂದೇ. ಅವಲಂಬಿತ ಮಕ್ಕಳು 25 ವರ್ಷದ ತನಕ ತಂದೆತಾಯಿಯ ಪಾಲಿಸಿಯಲ್ಲೇ ಇರಬಹುದು. ಬಿಲ್ಲಿನ ಶೇ 5 ನಮ್ಮ ಪಾಲು. ಮೊದಲ 30 ದಿನ ಕ್ಲೇಮು ಇಲ್ಲ, ಅಪಘಾತಕ್ಕೆ ಮಾತ್ರ ಈ ಅಡ್ಡಿಯಿಲ್ಲ. ದಾಖಲಾಗಿ ಬಂದ ಮೇಲಿನ 60 ದಿನದ ಸಂಬಂಧಪಟ್ಟ ಖರ್ಚೂ ಸೇರುತ್ತದೆ, ಹಾಗಾಗಿ ಫಿಜಿಯೋಥೆರಪಿಯನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಮೇಲಿನ ಜಿಎಸ್‌ಟಿಯೂ ಹೋಗಿದೆ.

ಗುರುಗಳ ಪಾಲೂ ಇದೆ

ಬಾಡಿಗೆ ಹಾಲಿನ ಕ್ಲಾಸಿನಲ್ಲಿ ಹಾಜರಿ ಪುಸ್ತಕವೂ ಇರುವುದಿಲ್ಲ. ಕ್ಲಾಸು ನೋಂದಣಿಯಾಗಿದ್ದು, ವಿದ್ಯಾರ್ಥಿಗಳ ಯಾದಿ ಸರಿಯಾಗಿದ್ದರೆ ಎಲ್ಲರ ಹೆಸರಲ್ಲಿ ಗುಂಪು ಅಪಘಾತ ವಿಮೆಗೆ ಕಂಪನಿಯನ್ನು ಕೇಳಬಹುದು. ವಿಮೆಗಾಗಿಯೇ ಗುಂಪು ಕಟ್ಟುವಂತಿಲ್ಲ ಎಂಬುದು ನಿಯಮ. ಕಲಿಯಲು ಕೂಡಿದ ಗುಂಪಿಗೆ ಆ ತೊಡಕಿಲ್ಲ. ಕೇಳುವಾಗ ಸಾವು, ಅಂಗವೈಕಲ್ಯದ ಜೊತೆಗೆ "ಅಪಘಾತದ ಚಿಕಿತ್ಸಾ ವೆಚ್ಚ"ವನ್ನೂ ಸೇರಿಸಿ ಅನ್ನಬೇಕು. ಎಲುಬು ಮುರಿದಾಗ ಕೈಗೆ ಬರುವುದು ಅದೇ ಕಲಮಿನಿಂದ.

ನಮ್ಮ ಕಡೆ ಮನೆಮಾತು ಕನ್ನಡ, ಅರ್ಜಿ ಮರಾಠಿ, ಪಾಲಿಸಿ ಇಂಗ್ಲಿಷು. ಪಾಲಿಸಿಯ ಸಾರಾಂಶವನ್ನು ಗ್ರಾಹಕರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ಕೇಳಿದರೆ ತಪ್ಪೇನಿಲ್ಲ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್. ಸೊಲ್ಲಾಪುರ ಜಿಲ್ಲೆಗೆ ಕಚೇರಿ ಪುಣೆಯಲ್ಲಿ, ಫೀ ಇಲ್ಲ.

ಅಕ್ಕನ ಮಗಳು ನಾಲ್ಕು ತಿಂಗಳಿಗೆ ಮತ್ತೆ ಗೆಜ್ಜೆ ಕಟ್ಟಿದಳು. ಖರ್ಚು ಭಾವನ ಕಿಸೆಯಿಂದಲೇ ಹೋಯಿತು. ಅವಳ ಕ್ಲಾಸಿನಲ್ಲಿ ಈಗ ಹಾಜರಿ ಪುಸ್ತಕ ಬಂದಿದೆ, ಗುಂಪು ವಿಮೆಗೆ ಪಾಲಕರ ಸಭೆಯೂ ಆಗಿದೆ. ತಾಲೀಮಿಗೆ ಮುಂಚೆ ಫರಸಿ ಒರೆಸುವ ಪಾಳಿಯನ್ನೂ ಮಕ್ಕಳಿಗೆ ಹಚ್ಚಿದ್ದಾರೆ.