ಎರಡು ಗಡಿಯೂರು, ಒಂದೇ ನಡುಹಗಲು

ಸಾಂಗಲಿಗೂ ಮಿರಜಿಗೂ ನಡುವೆ ಇರುವುದು ವಿಶ್ರಾಮಬಾಗ. ಅಲ್ಲಿಂದ ತೆಂಕಣಕ್ಕೆ ನೇರ ಗೆರೆ ಎಳೆದರೆ ಸುಮಾರು 480 ಕಿಲೋಮೀಟರ್ ದೂರದಲ್ಲಿ, ಕಡಲ ಮಗ್ಗುಲಲ್ಲಿ, ಕಾಸರಗೋಡು ಉಂಟು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮುಂಬಯಿ ರಾಜ್ಯದಲ್ಲಿದ್ದ ಸಾಂಗಲಿಯು 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಸಾಂಗಲಿ ಜಿಲ್ಲೆಯ ಜತ್ತ ಭಾಗದಲ್ಲಿಯೂ ಕಾಸರಗೋಡಿನಲ್ಲಿಯೂ ಮಕ್ಕಳು ಕನ್ನಡದಲ್ಲಿ ಓದುತ್ತಾರೆ. ಆದರೆ ಅವರು ಒಬ್ಬರನ್ನೊಬ್ಬರು ಅರಿಯರು.

ಹಿಂದೆ ಮುಂಬಯಿಯ ಗಡಿಯಾರಕ್ಕೂ ಮದ್ರಾಸಿನ ಗಡಿಯಾರಕ್ಕೂ ಅರ್ಧ ಗಂಟೆಯ ಅಂತರವಿತ್ತು. 1906ರಲ್ಲಿ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ವೇಳೆಯು ಭಾರತಕ್ಕೆ ಸಾಮಾನ್ಯವೆಂದು ಗೊತ್ತಾಯಿತು. ಒಂದು ಡಿಗ್ರಿ ಪಡುವಣಕ್ಕೆ ಸರಿದರೆ ಸೂರ್ಯನು ನಾಲ್ಕು ನಿಮಿಷ ತಡ. ಆದ್ದರಿಂದ ಅವನು ನೆತ್ತಿಯ ಗೆರೆಯನ್ನು ಮುಟ್ಟುವಾಗ ವಿಶ್ರಾಮಬಾಗದಲ್ಲಿ ಸರಾಸರಿ 12 ಗಂಟೆ 32 ನಿಮಿಷ, ಕಾಸರಗೋಡಿನಲ್ಲಿ 12 ಗಂಟೆ 30 ನಿಮಿಷ. ಋತುಮಾನಕ್ಕೆ ತಕ್ಕಂತೆ ಈ ವೇಳೆ ಕಾಲು ಗಂಟೆಯಷ್ಟು ಹಿಂದುಮುಂದಾದರೂ ಎರಡೂರಿಗೂ ಜೊತೆಯಾಗಿಯೇ ಆಗುತ್ತದೆ. ಗುವಾಹಾಟಿಯಲ್ಲಿ ನಡುಹಗಲು ಇದಕ್ಕಿಂತ ಒಂದು ಗಂಟೆಗೂ ಮೊದಲೇ ಮುಗಿದಿರುತ್ತದೆ!

ನಡುಹಗಲು ಒಂದಾದರೂ ಹಗಲು ಒಂದಲ್ಲ. ಜೂನಿನಲ್ಲಿ ಸಾಂಗಲಿಯ ಹಗಲು ಕಾಸರಗೋಡಿನದಕ್ಕಿಂತ ಕಾಲು ಗಂಟೆ ದೀರ್ಘ. ಡಿಸೆಂಬರಿನಲ್ಲಿ ಅಷ್ಟೇ ಕಿರಿದು. ಜನವರಿಯಲ್ಲಿ ಇಲ್ಲಿ ಏಳು ಗಂಟೆ ದಾಟಿದ ಮೇಲೆಯೇ ಸೂರ್ಯೋದಯ. ಬೆಳಗಿನ ಶಾಲೆಯ ಮಕ್ಕಳು ಕತ್ತಲಲ್ಲಿ ಏಳಬೇಕಾಗುವುದು ಇದರಿಂದಲೇ.

ಊರಿನ ಗುಣವೂ ಬೇರೆ. ಸಾಂಗಲಿಯದು ಕೃಷ್ಣಾತೀರ, ಅರಿಸಿನದ ಪೇಟೆ. ಮಿರಜಿನದು ಸಿತಾರು ತಂಬೂರಿಗಳ ಕೈಗಾರಿಕೆ. ಕಾಸರಗೋಡಿನದು ಚಂದ್ರಗಿರಿ ಹೊಳೆ, ತೆಂಗು, ಕಂಗು, ಬಿಡದ ಮಳೆ. ಇಲ್ಲಿಯ ಕನ್ನಡಕ್ಕೆ ಮರಾಠಿಯ ನೆರೆ. ಅಲ್ಲಿಯದಕ್ಕೆ ತುಳು, ಮಲೆಯಾಳಗಳ ನೆರೆ. ಆದರೂ ಒಳಗೊಳಗೆ ನಂಟುಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಕಾಸರಗೋಡಿನ ನೆರೆಯೂರು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕವನ್ನು ಆಡಿಸಲು ಪ್ರೇರಣೆಯಾದುದು ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟ.

ಈ ಒಂದೇ ನಡುಹಗಲನ್ನು ನಾವು ಪಾಠಕ್ಕೆ ಬಳಸಬಹುದು. ಸೆಪ್ಟೆಂಬರಿನಲ್ಲಿ ಕಾಸರಗೋಡಿನ ಮುಗಿಲನ್ನು ನಂಬುವಂತಿಲ್ಲ. ಮಾರ್ಚ್ 21 ಲೇಸು. ಎರಡೂ ಕಡೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡೂ ಕಾಲರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಯನ್ನು ಗುರುತಿಸಲಿ. ಅತಿ ಗಿಡ್ಡ ನೆರಳು ವಿಶ್ರಾಮಬಾಗದಲ್ಲಿ ಸುಮಾರು 30 ಸೆಂಟಿಮೀಟರ್, ಕಾಸರಗೋಡಿನಲ್ಲಿ 22. ಕೋನಗಳ ವ್ಯತ್ಯಾಸ ನಾಲ್ಕೂ ಮೂರನೆಯ ಒಂದು ಡಿಗ್ರಿ. ವೃತ್ತದ 83ರಲ್ಲಿ ಒಂದು ಪಾಲು. 480ನ್ನು 83ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ, ಹತ್ತಿರ ಹತ್ತಿರ 40,000 ಕಿಲೋಮೀಟರ್, ದೊರೆಯುತ್ತದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ತಿನಲ್ಲಿ ಎರಾಟೋಸ್ತನೀಸನು ಹೂಡಿದ ಉಪಾಯವೂ ಇದೇ.

ಒಂದೂರಿನ ನೆರಳಿನಿಂದ ಈ ಲೆಕ್ಕ ಸಾಗದು. ಇನ್ನೊಂದೂರಿನಿಂದ ಒಂದು ಕಾರ್ಡು ಬರಲೇಬೇಕು. ಇಲ್ಲಿಯ ಮಕ್ಕಳಿಗೆ ಮಲೆಯಾಳ ಓದಲು ಬಾರದು, ಅಲ್ಲಿಯವರಿಗೆ ಮರಾಠಿ ಬಾರದು. ಕಾರ್ಡನ್ನು ಯಾವ ಭಾಷೆಯಲ್ಲಿ ಬರೆಯಬೇಕೆಂಬುದನ್ನು ನಾವು ಅವರಿಗೆ ಹೇಳಿಕೊಡಬೇಕಾಗಿಲ್ಲ.