ಸೊಳ್ಳೆ ಬಿಡುವ ಮುನ್ನ ಊರನ್ನು ಕೇಳಬೇಕು

ಹೊಸ ಔಷಧವೊಂದನ್ನು ರೋಗಿಯ ಮೇಲೆ ಪ್ರಯೋಗಿಸುವ ಮುನ್ನ ಅದರ ಉದ್ದೇಶವನ್ನೂ ಅಪಾಯಗಳನ್ನೂ ವಿವರಿಸಿ ಸಹಿ ಪಡೆಯುವುದಕ್ಕೆ ‘ತಿಳಿದು ನೀಡುವ ಸಮ್ಮತಿ’ ಎನ್ನುತ್ತಾರೆ. ವೈದ್ಯಕೀಯ ಸಂಶೋಧನೆಯ ನೀತಿಶಾಸ್ತ್ರ ಬಹುಕಾಲ ಈ ಸಹಿಯ ಸುತ್ತಲೇ ಬೆಳೆಯಿತು. ಆದರೆ ಪ್ರಯೋಗಕ್ಕೆಂದು ಹೊರಬಿಟ್ಟ ಸೊಳ್ಳೆ, ಸಹಿ ಹಾಕಿದವರ ಮನೆಗೂ ಹಾಕದವರ ಮನೆಗೂ ನುಗ್ಗುತ್ತದೆ. ಅಂಥಲ್ಲಿ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಕೆನಡಾದ ಜೇಮ್ಸ್ ಲೇವರಿ ಪ್ರಮುಖರು. ಟೊರೊಂಟೊದಲ್ಲಿ ದುಡಿದು, ಬಳಿಕ ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಜಾಗತಿಕ ಆರೋಗ್ಯ ನೀತಿಶಾಸ್ತ್ರದ ಪೀಠವನ್ನು ವಹಿಸಿಕೊಂಡ ಅವರ ಅಧ್ಯಯನಗಳ ಕೇಂದ್ರದಲ್ಲಿರುವುದು ಸಮುದಾಯದ ಸಹಭಾಗಿತ್ವ, ಅಂದರೆ ಸಂಶೋಧನೆ ನಡೆಯುವ ಊರಿನ ಜನರನ್ನು ಅದರ ಯೋಜನೆಯ ಹಂತದಿಂದಲೇ ಒಳಗೊಳ್ಳುವ ಕ್ರಮ.

ಈ ಕ್ರಮ ಸೌಜನ್ಯದ ಮಾತಷ್ಟೇ ಅಲ್ಲ. ಎಚ್‌ಐವಿ ಸೋಂಕನ್ನು ತಡೆಯಬಹುದೇ ಎಂದು ತಿಳಿಯಲು ಕಾಂಬೋಡಿಯಾದಲ್ಲಿ ಯೋಜಿಸಿದ್ದ ಟೆನೊಫೊವಿರ್ ಮಾತ್ರೆಯ ಪ್ರಯೋಗ, ತಮಗೆ ದೀರ್ಘಕಾಲದ ಆರೋಗ್ಯ ರಕ್ಷಣೆಯ ಭರವಸೆ ಬೇಕೆಂದು ಅಲ್ಲಿನ ಲೈಂಗಿಕ ಕಾರ್ಯಕರ್ತೆಯರು ಪಟ್ಟು ಹಿಡಿದು ಪ್ರತಿಭಟಿಸಿದ ಮೇಲೆ 2004ರಲ್ಲಿ ಸರ್ಕಾರದ ಆದೇಶದಿಂದ ನಿಂತುಹೋಯಿತು. ಭಾರತಕ್ಕೂ ಇಂಥ ನೆನಪಿದೆ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಯಾಗಿ ದೆಹಲಿಯಲ್ಲಿ ನಡೆಸುತ್ತಿದ್ದ ಸೊಳ್ಳೆಗಳ ಆನುವಂಶಿಕ ನಿಯಂತ್ರಣದ ಯೋಜನೆ, ಪತ್ರಿಕೆಗಳಲ್ಲೂ ಸಂಸತ್ತಿನಲ್ಲೂ ಎದ್ದ ಸಂಶಯಗಳ ನಡುವೆ 1975ರಲ್ಲಿ ಮುಚ್ಚಿತು.

ಮೆಕ್ಸಿಕೊದ ತಪಚುಲಾ ಬಳಿ, ಕುಲಾಂತರಿ ಸೊಳ್ಳೆಗಳನ್ನು ದೊಡ್ಡ ಬಲೆಮನೆಗಳಲ್ಲಿಟ್ಟು ಪರೀಕ್ಷಿಸುವ ಯೋಜನೆಯ ಜೊತೆಗಿದ್ದ ಲೇವರಿ ಮತ್ತು ಸಂಗಡಿಗರು, ಆ ಅನುಭವದ ಬಲದಿಂದ 2010ರಲ್ಲಿ ಸಹಭಾಗಿತ್ವದ ಚೌಕಟ್ಟೊಂದನ್ನು ಪ್ರಕಟಿಸಿದರು. ಆದರೆ ಈ ವಿಚಾರ ಹೆಚ್ಚು ಸ್ಪಷ್ಟವಾಗಿ ಕಾಣುವುದು ಅವರ ತಂಡ ಬಳಿಕ ಅಧ್ಯಯನ ಮಾಡಿದ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಡೆಂಗಿ ವೈರಸ್ಸನ್ನು ಸೊಳ್ಳೆಯೊಳಗೇ ಹತ್ತಿಕ್ಕುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹೊತ್ತ ಸೊಳ್ಳೆಗಳನ್ನು 2011ರ ಜನವರಿಯಲ್ಲಿ ಕೇರ್ನ್ಸ್ ಪಟ್ಟಣದ ಸಮೀಪ ಬಿಡುವ ಮೊದಲು, ಈ ಬ್ಯಾಕ್ಟೀರಿಯಾ ನಮಗೆ ಅಂಟುವುದೇ, ಸೊಳ್ಳೆ ತಿನ್ನುವ ಜೇಡಗಳ ಗತಿಯೇನು ಎಂದು ನಿವಾಸಿಗಳು ಕೇಳಿದ್ದರು. ವಿಜ್ಞಾನಿಗಳು ಕರಪತ್ರ ಹಂಚಿ ಕೈತೊಳೆದುಕೊಳ್ಳಲಿಲ್ಲ. ಆ ಸೊಳ್ಳೆಗಳಿಗೆ ತಮ್ಮ ರಕ್ತ ಉಣಿಸುತ್ತಿದ್ದ ಸ್ವಯಂಸೇವಕರನ್ನೂ, ಅವನ್ನು ತಿಂದ ಜೇಡಗಳನ್ನೂ ಪರೀಕ್ಷಿಸಿ, ಬ್ಯಾಕ್ಟೀರಿಯಾ ದಾಟಿರುವ ಕುರುಹಿಲ್ಲವೆಂದು ತೋರಿಸಿದರು. ಜನರ ಅಂಜಿಕೆಯನ್ನು ಅಜ್ಞಾನವೆಂದು ತಳ್ಳದೆ ಸಂಶೋಧನೆಯ ಪ್ರಶ್ನೆಯನ್ನಾಗಿ ಸ್ವೀಕರಿಸಿದ್ದೇ ಇಲ್ಲಿನ ನಿಜವಾದ ನೀತಿ.

ಇಷ್ಟಾದರೂ ಸಹಭಾಗಿತ್ವಕ್ಕೆ ಹಣವೂ ಸಮಯವೂ ಸಿಗುವುದು ಕೊನೆಗೇ. ಅದರಿಂದ ಸಂಶೋಧನೆಗೆ ಏನು ದಕ್ಕುತ್ತದೆ ಎಂಬುದಕ್ಕೆ ಪುರಾವೆಗಳನ್ನು ಕಲೆಹಾಕಬೇಕೆಂದು ಲೇವರಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ಇದು ಸರಿಯಾದ ಬೇಡಿಕೆ. ಆದರೆ ಪುರಾವೆ ಸಿಗಲಿ ಬಿಡಲಿ, ತಮ್ಮ ಮಾತನ್ನು ಕೇಳಿಸಿಕೊಳ್ಳಬೇಕೆನ್ನುವುದು ಜನರ ಹಕ್ಕು ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

ಪುದುಚೇರಿಯಲ್ಲಿರುವ ಐಸಿಎಂಆರ್ ಕೇಂದ್ರ ವೊಲ್ಬಾಕಿಯಾ ಹೊತ್ತ ಸೊಳ್ಳೆಗಳನ್ನು ಅಭಿವೃದ್ಧಿಪಡಿಸಿರುವುದಾಗಿ 2022ರಲ್ಲಿ ಪ್ರಕಟಿಸಿದೆ. ಅವು ಯಾವ ಊರಿಗೆ ಹೋಗಲಿ, ಆ ಊರಿನವರ ಪ್ರಶ್ನೆಗಳು ಪ್ರಯೋಗಶಾಲೆಯನ್ನು ಮೊದಲು ತಲುಪುವಂತೆ ಸರ್ಕಾರ ಮತ್ತು ವಿಜ್ಞಾನಿಗಳು ನೋಡಿಕೊಳ್ಳಬೇಕು.